ಇಪ್ಪತ್ತು ಜೊತೆ ಕೊಸರು

ಬ್ಯಾಂಕಿನ ರಫ್ತು ಬಿಲ್ಲು ವಿಭಾಗದ ಮಾನ್ಯ ಅಧಿಕಾರಿಗಳೇ,

ನಮ್ಮ ಇಪ್ಪತ್ತು ಜೊತೆ ಚಪ್ಪಲಿಯನ್ನು ತಾವು ಮರೆತಿರಬಹುದು. ನೆನಪಿಸಲೆಂದೇ ಬರೆಯುತ್ತಿದ್ದೇನೆ. ಹೋದ ಮಾರ್ಚ್ ತಿಂಗಳಲ್ಲಿ ತಾವು ನಮ್ಮ ಕಾಗದಪತ್ರದಲ್ಲಿ ಒಂದು ತಪ್ಪು ಕಂಡಿರಿ. ತಿದ್ದಲು ಸಮಯವಿದ್ದ ಅಷ್ಟೂ ದಿನ ಬಾಯಿ ಮುಚ್ಚಿಕೊಂಡಿದ್ದು, ಗಡುವು ಮುಗಿದ ಮೇಲೆ ಬಾಯಿ ತೆರೆದಿರಿ. ಧಾರಾವಿಯ ನಮ್ಮ ಚಪ್ಪಲಿ ಕಾರಖಾನೆ ಅದರಿಂದಲೇ ಮುಚ್ಚಿತು. ಈ ಬಗ್ಗೆ ತಮಗೆ ಮೂರು ಪತ್ರ ಬರೆದೆ, ಒಂದಕ್ಕೂ ಉತ್ತರ ಬರಲಿಲ್ಲ. ಕಾಗದ ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂದವರು ನನ್ನ ಕಾಗದವನ್ನೂ ನೋಡದಿರುವುದರಿಂದ, ನಾಲ್ಕನೆಯದನ್ನು ಈ ಪತ್ರಿಕೆಯ ಮೂಲಕ ಮುಂಬಯಿಯ ಕನ್ನಡಿಗರೆಲ್ಲರ ಮುಂದೆ ಇಡುತ್ತಿದ್ದೇನೆ.

ಓದುವವರಿಗೆ ಮೊದಲಿನಿಂದ ಹೇಳಬೇಕು. ನಾನು ಬಿಜಾಪುರ ಕಡೆಯವನು, ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವನು. ಚರ್ಮ ಕೊಳ್ಳುವುದು, ಗಿರಾಕಿ ಹುಡುಕುವುದು, ಕಾಗದ ಬರೆಯುವುದು ನನ್ನ ಪಾಲು. ಚಪ್ಪಲಿ ಮಾಡುವುದು ಧರ್ಮಣ್ಣ ಕಾಕಾನ ಪಾಲು. ನನಗಿಂತ ಹದಿನೆಂಟು ವರ್ಷ ಹಿರಿಯ. ಚರ್ಮ ಕೊಯ್ಯುವ ರಂಪಿಗೆ ಹಿಡಿದು ಒಮ್ಮೆ ಎಳೆದನೆಂದರೆ ಎರಡನೆಯ ಸಲ ಎಳೆಯುವ ಪ್ರಸಂಗವೇ ಇರಲಿಲ್ಲ. ನಮ್ಮಿಬ್ಬರ ಕೈಕೆಳಗೆ ಹನ್ನೆರಡು ಜನ. ಎರಡು ವರ್ಷ ದಾದರಿನ ಅಂಗಡಿಗಳಿಗೆ ಮಾಲು ಕೊಟ್ಟು, ಉದ್ರಿ ವಸೂಲಿಗಾಗಿ ಅಂಗಡಿ ಅಂಗಡಿ ತಿರುಗಿ ನಮ್ಮದೇ ಚಪ್ಪಲಿ ಸವೆಸಿದ ಮೇಲೆ, ಜರ್ಮನಿಯ ಹಾಂಬುರ್ಗಿನ ಒಬ್ಬ ವ್ಯಾಪಾರಿ ಎರಡು ಸಾವಿರ ಜೊತೆ ಕೇಳಿದ. ಅವನ ಮುಖ ನಾವು ಕಂಡವರಲ್ಲ, ನಮ್ಮ ಮುಖ ಅವನು ಕಂಡವನಲ್ಲ. ನಂಬುವುದು ಹೇಗೆ? ಅದಕ್ಕಾಗಿಯೇ ಲೆಟರ್ ಆಫ್ ಕ್ರೆಡಿಟ್ (ಎಲ್.ಸಿ.) ಎಂಬುದೊಂದು ಇದೆ ಎಂದು ತಿಳಿಸಿಕೊಟ್ಟವರು ತಾವೇ. ಅವನ ಬ್ಯಾಂಕು ಮಾತು ಕೊಡುತ್ತದೆ: ಹೇಳಿದ ಮಾಲನ್ನು ಹೇಳಿದ ದಿನದೊಳಗೆ ಹಡಗಿಗೆ ಹಾಕಿ, ಹೇಳಿದ ಕಾಗದಗಳನ್ನು ಹೇಳಿದ ತಾರೀಖಿನೊಳಗೆ ತಂದು ತೋರಿಸಿ, ಹಣ ಕೊಡುವ ಹೊಣೆ ನಮ್ಮದು. ಕೊಳ್ಳುವವನ ಮನಸ್ಸು ಆಮೇಲೆ ಬದಲಾದರೂ ಬ್ಯಾಂಕಿನ ಮಾತು ಬದಲಾಗದು. ಇಲ್ಲಿ ಆ ಕಾಗದಗಳನ್ನು ಪರೀಕ್ಷಿಸುವವರು ತಾವು. ಆ ದಿನ ತಾವು ಗಾಜಿನ ಕಿಟಕಿಯಾಚೆಯಿಂದ "ಹೋ, ಕನ್ನಡದವರಾ? ಹೆದರ್ಬೇಡಿ ಮಾರಾಯ್ರೆ, ಕಾಗದ ಸರಿ ಇದ್ರೆ ದೇವರೂ ನಿಮ್ಮ ದುಡ್ಡು ತಡೀಲಿಕ್ಕೆ ಆಗುದಿಲ್ಲ" ಎಂದಿರಿ. ಕಡಲ ಸೀಮೆಯ ತಮ್ಮ ಕನ್ನಡ ಕೇಳಿ ನಮಗೆ ಎಷ್ಟು ಸಂತೋಷವಾಯಿತೆಂದರೆ, ಹೊರಗೆ ಬಂದು ಇಬ್ಬರೂ ಚಹಾ ಕುಡಿದೆವು. ದೇವರು ನಿಜವಾಗಿಯೂ ತಡೆಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಗಾದೆ ಆಗ ನನಗೆ ನೆನಪಾಗಬೇಕಿತ್ತು.

ಈಗ ನಮ್ಮ ಅಪರಾಧಕ್ಕೆ ಬರೋಣ. ಧರ್ಮಣ್ಣ ಕಾಕಾನ ಮನೆತನದಲ್ಲಿ ನೂರಕ್ಕೆ ಒಂದು ಕೊಸರು ಹಾಕುವುದು ಪದ್ಧತಿ. ಸಂತೆಗೆ ನೂರು ಜೊತೆ ಕಳಿಸಿದರೆ ಮೇಲೆ ಒಂದು ಜೊತೆ, ದುಡ್ಡಿಲ್ಲದೆ. ಅಷ್ಟರಲ್ಲಿ ಒಂದರ ಪಟ್ಟಿ ಕಿತ್ತಿದ್ದರೆ, ಒಂದಕ್ಕೆ ಇಲಿ ಬಾಯಿ ಹಾಕಿದ್ದರೆ, ಕೊಂಡವನು ಕೈ ಹಿಸುಕಿಕೊಳ್ಳಬಾರದು. ಕೊಸರು ಗೊತ್ತಿಲ್ಲದವರು ಯಾರಿದ್ದಾರೆ? ತಾವೂ ಕೊತ್ತಂಬರಿ ಕೊಂಡಾಗ ಮೇಲೆ ನಾಲ್ಕು ಹಸಿಮೆಣಸಿನಕಾಯಿ ಕೈ ಚಾಚಿ ಕೇಳಿ ಪಡೆದವರೇ ಇರಬೇಕು. ಹಾಂಬುರ್ಗಿನ ಮಾಲು ಇಪ್ಪತ್ತು ಪೆಟ್ಟಿಗೆ, ಪೆಟ್ಟಿಗೆಗೆ ನೂರು ಜೊತೆ. ಕಾಕಾ ಪ್ರತಿ ಪೆಟ್ಟಿಗೆಯಲ್ಲೂ ನೂರೊಂದು ತುಂಬಿದ.

"ಕಾಕಾ, ಇದು ಪರದೇಶದ ವ್ಯವಹಾರ. ಅವರಿಗೆ ಕೊಸರು ಗಿಸರು ತಿಳೀತದೇನು?" ಎಂದೆ.

"ಕಾಲು ಎಲ್ಲಾ ದೇಶದಾಗೂ ಅವ. ತಿಳೀಲಿಲ್ಲಂದ್ರ ಮೆಟ್ಕೊಂಡು ಅಡ್ಡಾಡ್ಲಿ."

"ಹಂಗಾದ್ರ ಲಿಸ್ಟಿನ್ಯಾಗ ಬರೆಯೋದು ಬ್ಯಾಡ್ರಿ."

"ಕೊಟ್ಟದ್ದು ಬರೀಲಿಲ್ಲಂದ್ರ ಕದ್ದು ಕಳಿಸಿದಂಗ ಆಗ್ತದ, ಕುತುಬು. ನಾಳೆ ಕಸ್ಟಮ್ಸಿನಾವ ಎಣಿಸಿದ್ರ ಏನ್ ಹೇಳ್ತಿ?"

ಮಾತು ನ್ಯಾಯವಾಗಿತ್ತು. ಪ್ಯಾಕಿಂಗ್ ಲಿಸ್ಟಿನಲ್ಲಿ ನಾನೇ ಬರೆಸಿದೆ: ಪ್ರತಿ ಪೆಟ್ಟಿಗೆಯಲ್ಲಿ ನೂರು ಜೊತೆ, ಮೇಲೆ ಒಂದು ಜೊತೆ ಉಚಿತ. ಬಿಲ್ಲು ಮಾತ್ರ ಎರಡು ಸಾವಿರ ಜೊತೆಯದೇ, ಒಂದು ಪೈಸೆ ಹೆಚ್ಚಿಲ್ಲ. ಮಾರ್ಚ್ ಮೂರನೆಯ ತಾರೀಖು, ಹಡಗಿನ ರಸೀದಿ ಸಮೇತ ಎಲ್ಲ ಕಾಗದಗಳನ್ನು ತಮ್ಮ ಕಿಟಕಿಯಲ್ಲಿ ಕೊಟ್ಟೆವು. ಎಲ್.ಸಿ.ಯ ಗಡುವು ಹನ್ನೊಂದನೆಯ ತಾರೀಖು. ತಾವು ಕಟ್ಟನ್ನು ಟ್ರೇಯಲ್ಲಿ ಹಾಕಿ "ಇಟ್ಟು ಹೋಗಿ, ನೋಡುವ" ಎಂದಿರಿ.

ಆಮೇಲಿನ ದಿನಗಳನ್ನು ನಾನು ಬರೆಯಲೇಬೇಕು, ಏಕೆಂದರೆ ತಮ್ಮ ರಿಜಿಸ್ಟರಿನಲ್ಲಿ ಅವು ಇರಲಾರವು. ಪ್ರತಿದಿನ ಬೆಳಿಗ್ಗೆ ನಾನೂ ಕಾಕಾನೂ ಮಾಹೀಮಿನಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟಿನಲ್ಲಿ ಇಳಿದು ಫೋರ್ಟಿನ ತಮ್ಮ ಬ್ಯಾಂಕಿಗೆ ನಡೆದು ಬರುತ್ತಿದ್ದೆವು. ಚಪ್ಪಲಿ ಮಾಡುವವನನ್ನು ಒಳಗೆ ಬಿಡುವ ರೂಢಿ ತಮ್ಮ ದರವಾನನಿಗೆ ಇರಲಿಲ್ಲವಾಗಿ ಕಾಕಾ ಎದುರಿನ ಫುಟ್‌ಪಾತಿನಲ್ಲಿ ಕೂರುತ್ತಿದ್ದ. ನಾನು ಒಳಗೆ ಬಂದು ಕಿಟಕಿಯ ಮುಂದೆ ನಿಲ್ಲುತ್ತಿದ್ದೆ. "ನೋಡ್ತಾ ಉಂಟು" ಎನ್ನುತ್ತಿದ್ದಿರಿ. "ಏನಾದರೂ ಕಮ್ಮಿ ಬಿದ್ದದೇನ್ರಿ ಸಾಹೇಬ್ರ?" ಎಂದು ಪ್ರತಿದಿನ ಕೇಳಿದೆ. ಗುರುವಾರ ತಾವು ಕಾಗದದಿಂದ ತಲೆ ಎತ್ತಿ "ಕಮ್ಮಿ ಎಂತದೂ ಇಲ್ಲ" ಎಂದಿರಿ. ಎಷ್ಟು ಸತ್ಯವಂತರು ತಾವು! ಕಮ್ಮಿ ಇರಲಿಲ್ಲ, ನಿಜ. ಹೆಚ್ಚು ಇದೆಯೇ ಎಂದು ಕೇಳಲು ನನಗೆ ತಿಳಿಯಲಿಲ್ಲ. ಹೆಚ್ಚು ಕೊಟ್ಟದ್ದಕ್ಕೂ ಶಿಕ್ಷೆ ಇರುತ್ತದೆಂದು ಯಾವ ತಾಯಿ ಯಾವ ಮಗನಿಗೆ ಕಲಿಸಿರುತ್ತಾಳೆ?

ಹದಿಮೂರನೆಯ ತಾರೀಖು, ಗಡುವು ಮುಗಿದು ಎರಡು ದಿನಕ್ಕೆ, ತಾವು ಕಟ್ಟನ್ನು ಕಿಟಕಿಯಿಂದ ಹೊರಗೆ ತಳ್ಳಿದಿರಿ. ಎಲ್.ಸಿ. ಹೇಳಿದ್ದು ಎರಡು ಸಾವಿರ, ನಿಮ್ಮ ಲಿಸ್ಟಿನಲ್ಲಿ ಎರಡು ಸಾವಿರದ ಇಪ್ಪತ್ತು, ಇದು ವ್ಯತ್ಯಾಸ, ಹಣವಿಲ್ಲ. ಪುಕ್ಕಟೆ ಕೊಟ್ಟದ್ದು ಸಾಹೇಬರೇ ಎಂದೆ. ತಾವು ದಯಮಾಡಿ ಪಾಠ ಹೇಳಿದಿರಿ. ತೂಕದ ಮಾಲಾದರೆ ನೂರಕ್ಕೆ ಮೂರು ಹೆಚ್ಚುಕಡಿಮೆ ನಡೆಯುತ್ತದಂತೆ, ಎಣಿಕೆಯ ಮಾಲಿಗೆ ಆ ವಿನಾಯಿತಿ ಇಲ್ಲವಂತೆ. ಅಂದರೆ ಚಪ್ಪಲಿಯನ್ನು ಬದನೆಕಾಯಿಯ ಹಾಗೆ ತಕ್ಕಡಿಯಲ್ಲಿ ಹಾಕಿ ಮಾರಿದ್ದರೆ ನಾವು ಸಾಹುಕಾರರು. "ನಾವು ಚಪ್ಪಲಿ ನೋಡುದಲ್ಲ ಮಾರಾಯ್ರೆ, ಕಾಗದ ನೋಡುದು" ಎಂದೂ ಹೇಳಿದಿರಿ. ನಿಯಮ ಹಾಗಿದೆಯೆಂದು ಆಮೇಲೆ ಬಲ್ಲವರಿಂದ ಕೇಳಿ ತಿಳಿದೆ. ನಿಯಮದ ಮೇಲೆ ನನ್ನ ದೂರಿಲ್ಲ. ಮುಖ ಕಾಣದವರ ನಡುವೆ ವ್ಯಾಪಾರ ನಡೆಯಬೇಕಾದರೆ ಕಾಗದವೇ ಮುಖ ಎಂಬುದು ನನಗೂ ಅರ್ಥವಾಗುತ್ತದೆ. ಲಿಸ್ಟಿನಲ್ಲಿ ಆ ಒಂದು ಸಾಲನ್ನು ಬರೆಯದೆ ಬಚ್ಚಿಟ್ಟಿದ್ದರೆ ಹಣ ಕೈಸೇರುತ್ತಿತ್ತು, ಬರೆದದ್ದಕ್ಕೆ ಹೋಯಿತು. ಅದನ್ನೂ ನುಂಗಿಕೊಳ್ಳುತ್ತೇನೆ.

ನುಂಗಲಾರದ್ದು ಬೇರೆ ಇದೆ. ಮನೆಗೆ ಬಂದು ಆ ಲಿಸ್ಟನ್ನು ಬೆಳಕಿಗೆ ಹಿಡಿದೆ. ಕೊಸರಿನ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಗೀಟು, ಗೀಟಿನ ಕೆಳಗೆ ಸಣ್ಣದಾಗಿ ತಮ್ಮ ಸಹಿ ಮತ್ತು ತಾರೀಖು: ನಾಲ್ಕು ಮಾರ್ಚ್. ಸ್ವಾಮಿ, ನಾಲ್ಕಕ್ಕೇ ತಮಗೆ ಗೊತ್ತಿತ್ತು! ಗಡುವಿಗೆ ಇನ್ನೂ ಏಳು ದಿನವಿತ್ತು. "ಕೊಳ್ಳುವವನಿಗೆ ಒಂದು ತಂತಿ ಕಳಿಸಿ, ಹೆಚ್ಚಿನ ಇಪ್ಪತ್ತು ಜೊತೆಗೆ ಅವನ ಒಪ್ಪಿಗೆ ತರಿಸಿ" ಎಂದು ತಾವು ಹೇಳಿದ್ದರೆ ಸಾಕಿತ್ತು. ಹಡಗು ಹೊರಟಿತೇ ಎಂದು ಅವನೇ ಆ ವಾರ ತಂತಿ ಹೊಡೆದು ಕೇಳಿದ್ದ, ಅಷ್ಟು ಆತುರ ಅವನಿಗಿತ್ತು. ಅಷ್ಟು ದಿನವೂ ನಾನು ತಮ್ಮ ಕಿಟಕಿಯ ಮುಂದೆಯೇ ನಿಂತಿದ್ದೆ, ತಂತಿ ಕಚೇರಿ ನಡೆದರೆ ಹತ್ತು ನಿಮಿಷ. ತಾವು ಏಕೆ ಹೇಳಲಿಲ್ಲ? ಸೋಮಾರಿತನವೇ? ಅಥವಾ ದಿನವೂ ಬಂದು ನಿಲ್ಲುವವನೊಬ್ಬ ಇದ್ದರೆ ಕುರ್ಚಿ ಇನ್ನಷ್ಟು ಎತ್ತರವೆನಿಸುತ್ತದೆಯೇ? ನಾನು ಬಹಳ ಯೋಚಿಸಿದ್ದೇನೆ. ದ್ವೇಷವೆಂದು ಹೇಳಲು ತಮಗೆ ನಮ್ಮ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಮುಂದಿನದು ಚಿಕ್ಕದು. ಗಡುವು ಮುಗಿದೊಡನೆ ಹಾಂಬುರ್ಗಿನ ಬ್ಯಾಂಕಿನ ಮಾತೂ ಮುಗಿಯಿತು. ಆಗ ನಾವು ತಂತಿ ಹೊಡೆದರೆ, ಅಷ್ಟರಲ್ಲಿ ಬೇರೆ ಕಡೆಯ ಅಗ್ಗದ ಮಾಲು ಸಿಕ್ಕಿದ್ದ ಆ ವ್ಯಾಪಾರಿ ಅರ್ಧ ಬೆಲೆ ಎಂದ, ಆಮೇಲೆ ಉತ್ತರವನ್ನೇ ನಿಲ್ಲಿಸಿದ. ನಮ್ಮ ಚಪ್ಪಲಿಗಳು ಆ ಬಂದರಿನ ಗೋದಾಮಿನಲ್ಲಿ ಕುಳಿತು ದಿನಕ್ಕಿಷ್ಟು ಬಾಡಿಗೆ ತಿಂದು, ಕೊನೆಗೆ ಬಾಡಿಗೆಗೇ ಹರಾಜಾದವು. ಧಾರಾವಿಯ ಶೆಡ್ಡು ಬಾಕಿ ಸಾಲಕ್ಕೆ ಚರ್ಮದ ವ್ಯಾಪಾರಿಯ ಪಾಲಾಯಿತು. ಹನ್ನೆರಡು ಜನ ಒಂದೊಂದು ದಿಕ್ಕಾದರು. ನಾನೀಗ ಅಂಧೇರಿಯ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಗುಮಾಸ್ತ. ಎಣಿಕೆ ಈಗ ಬಹಳ ಚೆನ್ನಾಗಿ ಬರುತ್ತದೆ.

ಶೆಡ್ಡು ಖಾಲಿ ಮಾಡಿದ ದಿನ ನಾನು ಮಾಡಿದ್ದನ್ನೂ ಹೇಳಬೇಕು. ತಮ್ಮ ಮೇಲೆ ಎರಚಬೇಕಾದ ವಿಷವನ್ನು, ತಾವು ಕೈಗೆ ಸಿಗಲಿಲ್ಲವೆಂದು, ಕಾಕಾನ ಮೇಲೆ ಎರಚಿದೆ. ಇಪ್ಪತ್ತೆರಡು ವರ್ಷದ ಒಡನಾಟದಲ್ಲಿ ಮೊದಲ ಸಲ, ಎಲ್ಲರೆದುರು, ಅವನನ್ನು ಏಕವಚನದಲ್ಲಿ ಕೂಗಿದೆ: "ನಿನ್ನ ಕೊಸರು ನನ್ನ ಮನೀ ನುಂಗ್ತೋ ಮುದುಕಾ!" ಅವನು ರಂಪಿಗೆಯನ್ನು ಅರಿವೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಆರು ತಿಂಗಳು ಅವನಿದ್ದ ಕಡೆ ನನ್ನ ಕಾಲು ಹೋಗಲಿಲ್ಲ. ನಾಚಿಕೆಯಿಂದ ಹೋಗಲಿಲ್ಲ. ಅವನ ಹೆಂಡತಿ ಭಾಗವ್ವ ಒಂದು ದಿನ ದಾರಿಯಲ್ಲಿ ಸಿಕ್ಕು "ನಿಮ್ಮ ಕಾಕಾ ಫೋರ್ಟಿನಾಗ ಕುಂದರ್ತಾರ. ಬೇರೆ ಯಾವ ಜಾಗಾ ಗೊತ್ತದ ಅವರಿಗೆ?" ಎಂದು ಅಷ್ಟೇ ಹೇಳಿ ಮುಂದೆ ನಡೆದಳು.

ಹೋದ ವಾರ ಹೋದೆ. ತಮ್ಮ ಬ್ಯಾಂಕಿನ ಎದುರಿನ ಫುಟ್‌ಪಾತು, ಮಾರ್ಚಿನಲ್ಲಿ ಅವನು ದಿನವೂ ಕಾದು ಕುಳಿತ ಅದೇ ಜಾಗ. ಎರಡು ಸಾವಿರ ಜೊತೆ ಚಪ್ಪಲಿಯನ್ನು ಪರದೇಶಕ್ಕೆ ಕಳಿಸಿದವನು ಮುಂದೊಂದು ಗೋಣಿತಟ್ಟು ಹಾಸಿ, ಬರುವವರ ಹರಿದ ಬೂಟು ಹೊಲಿಯುತ್ತ ಕುಳಿತಿದ್ದ. ನಾನು ಮಾತಾಡಿಸುವ ಮೊದಲೇ ತಾವು ರಸ್ತೆ ದಾಟಿ ಬಂದಿರಿ. ಎಡಗಾಲಿನ ಬೂಟಿನ ಹಿಮ್ಮಡಿ ಕಿತ್ತಿತ್ತು. ಬೂಟು ಬಿಚ್ಚಿ ಚಾಚಿದಿರಿ, ಅವನ ಮುಖ ನೋಡಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ, ನನ್ನನ್ನೂ ನೋಡಲಿಲ್ಲ. ಕಾಗದವಲ್ಲವಲ್ಲ ನಾವು. ಅವನು ಎಡಗಾಲಿನದನ್ನು ಹೊಡೆದು ಮುಗಿಸಿ, ಕೈ ಸನ್ನೆ ಮಾಡಿ ಬಲಗಾಲಿನದನ್ನೂ ಇಸಿದುಕೊಂಡು, ಸಡಿಲವಾಗಿದ್ದ ಅದರ ಹಿಮ್ಮಡಿಗೆ ಎರಡು ಮೊಳೆ ಹೊಡೆದು ಕೊಟ್ಟ. ತಾವು ಒಂದು ಹಿಮ್ಮಡಿಯ ದುಡ್ಡು ಕೊಟ್ಟು ಹೋದಿರಿ.

"ಕಾಕಾ, ಅವರು ಯಾರಂತ ಗೊತ್ತಾತೇನ್ರಿ?" ಎಂದೆ.

"ಗೊತ್ತದ."

"ಗೊತ್ತಿದ್ದೂ ಎರಡು ಮೊಳಿ ಕೊಸರು ಹಾಕಿದ್ರ್ಯಾ?"

"ಕೆಲಸಕ್ಕ ಹಾಕೀನಿ. ಅವರಿಗಲ್ಲ," ಎಂದ. ಆಮೇಲೆ "ಕುಂದ್ರು, ಬಿಸಿಲದ" ಎಂದು ಗೋಣಿಯ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟ. ನಾನು ಕುಳಿತು ಅತ್ತೆ.

ಅಧಿಕಾರಿಗಳೇ, ತಾವು ಕೇಳಿದ್ದು ಒಂದು ಹಿಮ್ಮಡಿ, ದುಡ್ಡು ಕೊಟ್ಟದ್ದೂ ಒಂದಕ್ಕೆ. ಸಿಕ್ಕಿದ್ದು ಅದಕ್ಕಿಂತ ಎರಡು ಮೊಳೆ ಹೆಚ್ಚು. ಎಣಿಕೆಯ ಮಾಲಿಗೆ ವಿನಾಯಿತಿ ಇಲ್ಲವೆಂದು ಪಾಠ ಹೇಳಿದ ತಾವು ಆ ವ್ಯತ್ಯಾಸಕ್ಕೆ ಬೂಟು ತಿರಸ್ಕರಿಸಲಿಲ್ಲ. ಗೀಟು ಎಳೆಯಲಿಲ್ಲ. ಬಲಗಾಲು ಎಡಗಾಲು ಎರಡನ್ನೂ ಗಟ್ಟಿಯಾಗಿ ಊರಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದಿರಿ.

ಹೋದ ಹಣವನ್ನು ನಾನು ಕೇಳುತ್ತಿಲ್ಲ, ಅದು ಮುಳುಗಿತು. ನನ್ನ ಬೇಡಿಕೆ ಇಷ್ಟು. ಮಾರ್ಚ್ ನಾಲ್ಕಕ್ಕೆ ಕಂಡದ್ದನ್ನು ಹದಿಮೂರರವರೆಗೆ ಏಕೆ ಹೇಳಲಿಲ್ಲ ಎಂಬುದನ್ನು ಬರವಣಿಗೆಯಲ್ಲಿ, ಸಹಿ ತಾರೀಖು ಸಮೇತ, ಧರ್ಮಣ್ಣನ ಕೈಗೆ ಕೊಡಿ. ಅವನಿಗೆ ಓದಲು ಬರುವುದಿಲ್ಲ, ಪಕ್ಕದಲ್ಲಿ ಕೂತು ನಾನು ಓದಿ ಹೇಳುತ್ತೇನೆ. ಅದು ಆಗದಿದ್ದರೆ, ಈ ಪತ್ರ ಕಂಡ ಏಳು ದಿನದೊಳಗೆ ರಸ್ತೆ ದಾಟಿ ಬಂದು, ಬಲಗಾಲಿನ ಬೂಟು ಬಿಚ್ಚಿ, ಆ ಎರಡು ಮೊಳೆಗಳನ್ನು ಕಿತ್ತು ಗೋಣಿಯ ಮೇಲೆ ಇಟ್ಟು ಹೋಗಿ. ಏಳು ದಿನ ಸಾಕಷ್ಟು ಸಮಯ ಎಂಬುದು ತಮಗೆ ಗೊತ್ತೇ ಇದೆ.

ಇಂತಿ,
ತಮ್ಮ ಪೆನ್ಸಿಲ್ ಗೀಟಿನ ಕೆಳಗೆ ಸಿಕ್ಕಿದವನು,
ಕುತುಬುದ್ದೀನ
ಮಾಜಿ ರಫ್ತುದಾರ, ಹಾಲಿ ಪೆಟ್ಟಿಗೆ ಎಣಿಸುವವ
ಧಾರಾವಿ, ಮುಂಬಯಿ, ನವೆಂಬರ್ ೧೯೭೨