ಬೀಗರು ಜೋಡಿಸಿದ ಕಂಪ್ಯೂಟರ್

ಭಾನುವಾರ, ಮಾರ್ಚ್ ೯

ನನ್ನ ಚಿನಕುರುಳಿಗೆ,

ಅಪ್ಪನ ಆಶೀರ್ವಾದ. ನಾನು ಸುಖವಾಗಿ ಊರು ತಲುಪಿದ್ದನ್ನು ಅಮ್ಮ ಆಗಲೇ ಫೋನಿನಲ್ಲಿ ಹೇಳಿದ್ದಾಳೆ. "ಅಪ್ಪ ಯಾಕೆ ಮಾತಾಡ್ತಿಲ್ಲ?" ಎಂದು ನೀನು ಕೇಳಿದೆಯಂತೆ. ಫೋನಿನಲ್ಲಿ ಏನು ಮಾತಾಡುವುದು? ನಿನ್ನ ಮಾವ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕಿಸಿಕೊಂಡು "ಬೀಗರೇ, ಚೆನ್ನಾಗಿದ್ದೀರಾ?" ಅನ್ನುತ್ತಾರೆ. ನಾನೂ ಹಲ್ಲು ಕಿರಿದು "ಚೆನ್ನಾಗಿದ್ದೀನಿ" ಅನ್ನಬೇಕು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಡವಾಯಿತು, ಬೇಸರಪಡಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಸಿಟ್ಟು ಹೆಚ್ಚಾಗಿತ್ತು, ಇನ್ನೊಂದರಲ್ಲಿ ಸುಳ್ಳು.

ಅಮ್ಮನ ಮಂಡಿನೋವು ಪರವಾಗಿಲ್ಲ. ಅಂಗಡಿಯ ಶಟರು ಮತ್ತೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ, ಬಗ್ಗಿಯೇ ಒಳಗೆ ಹೋಗಬೇಕು. ಊರವರ ಟೀವಿ, ಕಂಪ್ಯೂಟರ್ ಎಲ್ಲ ರಿಪೇರಿ ಮಾಡುವವನಿಗೆ ತನ್ನ ಬಾಗಿಲು ರಿಪೇರಿ ಮಾಡಿಕೊಳ್ಳಲು ಪುರುಸೊತ್ತಿಲ್ಲ ಎಂದು ಎದುರಿನ ದರ್ಜಿ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ನಿನ್ನ ಮಾವನನ್ನು ಕಂಡರೆ ಹೊಟ್ಟೆಕಿಚ್ಚು. ಅಮ್ಮ ಇದನ್ನು ನಿನ್ನ ಮದುವೆಯಾದ ವಾರಕ್ಕೇ ಕಂಡುಹಿಡಿದಿದ್ದಳು, ನಾನು ಒಪ್ಪಿರಲಿಲ್ಲ. ಈಗ ಒಪ್ಪುತ್ತೇನೆ.

ಶುರುವಾದದ್ದು ನಿನ್ನ ಆ ಫೋನಿನಿಂದ. "ಅಪ್ಪ, ಮಕ್ಕಳ ಪಾಠದ ಕಾರ್ಟೂನ್ ಚಿತ್ರ ಮಾಡೋಕೆ ಹಳೇ ಕಂಪ್ಯೂಟರ್ ಸಾಲ್ತಿರ್ಲಿಲ್ಲ ಅಲ್ವಾ, ಹೊಸದು ಜೋಡಿಸಿದ್ವಿ! ನಾನೂ ಮಾವನೂ ಕೂತ್ಕೊಂಡು ಒಂದೊಂದೇ ಭಾಗ ತರಿಸಿ ಜೋಡಿಸಿದ್ವಿ!" ಅಂದೆ. ಎಷ್ಟು ಖುಷಿ ನಿನ್ನ ದನಿಯಲ್ಲಿ! ನಾನು "ಭೇಷ್" ಅಂದು ಫೋನಿಟ್ಟೆ. ಆ ದಿನ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಕಾರಣವಿಲ್ಲದೆ ನನ್ನಿಂದ ಬೈಸಿಕೊಂಡು ಹೋದರು. ಅಲ್ಲವೇ ಮಗಳೇ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಮನೆಯಲ್ಲೇ ಇದೇ ಕಸುಬಿನ ಅಪ್ಪನಿರುವಾಗ, ಜೀವಮಾನವೆಲ್ಲ ಜನರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟು ನಿವೃತ್ತರಾದ ಮನುಷ್ಯನ ಕೈಗೆ ಮದರ್‌ಬೋರ್ಡ್ ಕೊಟ್ಟೆಯಲ್ಲ! "ಅವರು ಒಂದೇ ಮನೇಲಿ ಇರೋರು, ನೀವು ಇಲ್ಲಿರೋರು. ಸ್ಕ್ರೂ ತಿರುಗಿಸೋಕೆ ನಿಮ್ಮನ್ನ ಅಲ್ಲಿಗೆ ಕರೆಸ್ಬೇಕಿತ್ತಾ?" ಎಂದಳು ಅಮ್ಮ. ಹೌದು, ಕರೆಸಬೇಕಿತ್ತು.

ಅದರೊಳಗೆ ನನ್ನದೂ ಏನಾದರೂ ಇರಲಿ ಎಂಬ ಆಸೆಗೆ ಅಂಗಡಿಯಲ್ಲಿದ್ದ ಎರಡು ಹೊಸ ರ‍್ಯಾಮ್ ಪಟ್ಟಿಗಳನ್ನು ಕೊರಿಯರಿನಲ್ಲಿ ಕಳಿಸಿದೆ. ನೀವು ಹಾಕಿದ್ದು ಎರಡು, ಇನ್ನೆರಡು ಜಾಗ ಖಾಲಿ ಇತ್ತು. ನಾಲ್ಕಾದರೆ ದೊಡ್ಡ ಚಿತ್ರಗಳು ಸಲೀಸಾಗಿ ಓಡುತ್ತವೆ ಎಂದು ಚೀಟಿಯನ್ನೂ ಇಟ್ಟಿದ್ದೆ. ಆಮೇಲೆ ಫೋನು ಮಾಡಿದಾಗಲೆಲ್ಲ ಮೊಮ್ಮಗುವನ್ನು ವಿಚಾರಿಸಿದ ಹಾಗೆ "ನನ್ನ ರ‍್ಯಾಮ್ ಹೇಗಿದೆ?" ಎಂದು ಕೇಳುತ್ತಿದ್ದೆ. ನೀನು "ಸೂಪರ್ ಅಪ್ಪ" ಅನ್ನುತ್ತಿದ್ದೆ.

ಹೀಗಿರುವಾಗ ಅಮ್ಮ ಮಾತಿನ ನಡುವೆ ಬಾಯಿಬಿಟ್ಟಳು. ಚಿತ್ರ ಅರ್ಧ ತಯಾರಾಗುವಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಆರಿ ಮತ್ತೆ ಹತ್ತಿಕೊಳ್ಳುತ್ತದೆ, ಎರಡು ಪಾಠದ ಕೆಲಸ ಕೈತಪ್ಪಿ ಹೋಯಿತು, ನೀನು ಅಳುತ್ತಿದ್ದೆ, ಇದೆಲ್ಲ ಶುರುವಾಗಿ ಆಗಲೇ ಬಹಳ ದಿನವಾಗಿದೆ ಎಂದಳು. ಅಪ್ಪನಿಗೆ ಹೇಳಬೇಡ ಅಂದಿದ್ದೆಯಂತೆ. ನಿಜ ಹೇಳಲೇ? ನಿನ್ನ ಅಳುವಿಗೆ ಸಂಕಟವಾಯಿತು, ಆದರೆ ಅದರ ಬೆನ್ನಿಗೇ ಹೊಟ್ಟೆಯೊಳಗೆ ತಂಪಾಯಿತು. ಬೀಗರು ಜೋಡಿಸಿದ್ದು ಕೈಕೊಟ್ಟಿತಲ್ಲ! ನಿನಗೆ ಫೋನು ಮಾಡಿ ನಾಳಿದ್ದೇ ಬರುತ್ತೇನೆ ಅಂದೆ. ನೀನು "ಬೇಡ ಅಪ್ಪ, ಈಗ ಸರಿಯಾಗಿದೆ" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಟೂಲ್ ಬ್ಯಾಗು, ಒಂದು ಒಳ್ಳೆಯ ಪವರ್ ಸಪ್ಲೈ ಕಟ್ಟಿಕೊಂಡು ಬಸ್ಸು ಹತ್ತಿದೆ.

ನಿಮ್ಮ ಮನೆಯಲ್ಲಿ ನಡೆದದ್ದನ್ನು ನಿನಗೇ ಬರೆಯುತ್ತಿದ್ದಾನಲ್ಲ ಅಪ್ಪ ಅನ್ನಬೇಡ. ನಾನು ಕಂಡದ್ದನ್ನು ನೀನು ಕಂಡಿಲ್ಲ.

ಬಂದವನೇ ಚಿತ್ರ ಓಡಿಸು ಅಂದೆ. ನೀನು ಓಡಿಸಿದೆ. ಅರ್ಧಕ್ಕೆ ಆರಿತು. "ಸರಿಯಾಗಿದೆ ಅಂದ್ಯಲ್ಲ?" ಅಂದರೆ ನೀನೂ ನಿನ್ನ ಮಾವನೂ ಮುಖ ಮುಖ ನೋಡಿಕೊಂಡಿರಿ. ನಾನು ಅಂಗಿಯ ತೋಳು ಮಡಚಿ ಪೆಟ್ಟಿಗೆ ಬಿಚ್ಚಿದೆ. ಒಳಗಿನ ವೈರುಗಳನ್ನು ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದೆ. ಎಣ್ಣೆ ಹಚ್ಚಿ ಬಾಚಿ ಹೆಣೆದ ಜಡೆಯ ಹಾಗಿತ್ತು. ನನ್ನ ಕೈಯಲ್ಲೂ ಅಷ್ಟು ಚೆನ್ನಾಗಿ ಬರುವುದಿಲ್ಲ, ಇದನ್ನು ಅಮ್ಮನಿಗೆ ಹೇಳಬೇಡ.

ಮೊದಲ ದಿನವೆಲ್ಲ ನಾನು ಕಂಪ್ಯೂಟರಿನ ತಪ್ಪು ಹುಡುಕಲಿಲ್ಲ, ಬೀಗರ ತಪ್ಪು ಹುಡುಕಿದೆ. ಪವರ್ ಸಪ್ಲೈ ಅಗ್ಗದ್ದಿರಬೇಕು ಎಂದು ನನ್ನದನ್ನು ಹಾಕಿ ನೋಡಿದೆ, ಹಾಗೇ ಆರಿತು. ಪ್ರೊಸೆಸರ್ ಬಿಸಿಯಾಗುತ್ತಿರಬೇಕು, ಮೇಲಿನ ಪೇಸ್ಟ್ ಸರಿಯಾಗಿ ಹಚ್ಚಿಲ್ಲ ಎಂದು ಫ್ಯಾನು ಕಿತ್ತು ನೋಡಿದೆ. ಹದವಾಗಿ, ತೆಳುವಾಗಿ ಹಚ್ಚಿದ್ದರು. ಕನೆಕ್ಟರುಗಳನ್ನು ಒತ್ತಿ ನೋಡಿದೆ, ಒಂದೂ ಸಡಿಲವಿರಲಿಲ್ಲ. ಮನುಷ್ಯ ಇಷ್ಟೊಂದು ತಪ್ಪಿಲ್ಲದೆ ಇರಬಾರದು, ಎದುರಿನವರಿಗೆ ಕಷ್ಟವಾಗುತ್ತದೆ.

ಅದಕ್ಕಿಂತ ಕಷ್ಟವಾದದ್ದು ಬೇರೆ. ನಿನ್ನ ಮಾವ ನನಗೆ ಸಹಾಯ ಮಾಡಲು ಬಂದು ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರು. ನೀನು ಒಳಗಿಂದ ಬಂದವಳೇ, "ಮಾವ! ಸ್ಕ್ರೂ ಬಾಯಲ್ಲಿ ಇಟ್ಕೋಬೇಡಿ ಅಂತ ಎಷ್ಟು ಸಲ ಬಡ್ಕೊಳ್ಲಿ? ನುಂಗಿದ್ರೆ ಆಮೇಲೆ ನಿಮ್ಮನ್ನೇ ಬಿಚ್ಬೇಕಾಗುತ್ತೆ! ತೆಗೀರಿ, ತೆಗೀರಿ ಮೊದ್ಲು!" ಎಂದು ಅಂಗೈ ಒಡ್ಡಿದೆ. ಅವರು ಮಗುವಿನ ಹಾಗೆ ಒಂದೊಂದೇ ಉಗುಳಿ ನಿನ್ನ ಕೈಗಿಟ್ಟರು. ಇಬ್ಬರೂ ನಕ್ಕಿರಿ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ, ಟೀ ತರ್ಲಾ? ಬೆನ್ನಿಗೆ ದಿಂಬು ಕೊಡ್ಲಾ? ಸೆಖೆ ಆಗ್ತಿದ್ಯಾ?" ಎಂದು ಕೇಳಿದೆ. ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದೆ. ಅವರಿಗೆ ಬೈಗುಳ, ನನಗೆ ಗಾಳಿ. ಯಾರಿಗೆ ಹೆಚ್ಚು ಸಿಕ್ಕಿತು ಎಂದು ನಾನು ಆ ದಿನವೆಲ್ಲ ಲೆಕ್ಕ ಹಾಕುತ್ತಿದ್ದೆ.

ಎರಡನೆಯ ದಿನ ಬೇರೆ ದಾರಿ ಉಳಿಯದೆ ರ‍್ಯಾಮಿಗೆ ಬಂದೆ. ನೀವು ಹಾಕಿದ್ದ ಎರಡನ್ನೇ ಉಳಿಸಿಕೊಂಡು ಓಡಿಸಿದೆ. ಚಿತ್ರ ಮೊದಲಿನಿಂದ ಕೊನೆಯವರೆಗೆ ಓಡಿತು, ಆ ಚಿತ್ರದ ಆಮೆ ಪೂರ್ತಿ ಕೆರೆ ದಾಟಿತು. ನನ್ನ ಎರಡನ್ನೇ ಹಾಕಿದೆ, ಆಗಲೂ ದಾಟಿತು. ನಾಲ್ಕನ್ನೂ ಒಟ್ಟಿಗೆ ಹಾಕಿದರೆ ನಡುನೀರಿನಲ್ಲಿ ಕೈಬಿಟ್ಟಿತು. ಬೇರೆ ಬೇರೆ ಕಂಪನಿಯ ಪಟ್ಟಿಗಳು, ಪೂರ್ತಿ ವೇಗದಲ್ಲಿ ಜೊತೆಯಾಗಿ ಹೆಜ್ಜೆ ಹಾಕಲಾರವು. ಇದು ನನ್ನ ಅಂಗಡಿಗೆ ಬರುವ ಗಿರಾಕಿಗಳಿಗೆ ನಾನೇ ದಿನವೂ ಹೇಳುವ ಮಾತು. ಮಾಡಿದ್ದುಣ್ಣೋ ಮಹರಾಯ!

"ತಪ್ಪು ನನ್ನ ರ‍್ಯಾಮಿಂದು" ಎಂದೆ. "ಅಯ್ಯೋ, ಹೌದಾ!" ಎಂದಿರಿ ಇಬ್ಬರೂ, ಒಂದೇ ಉಸಿರಿನಲ್ಲಿ. ನಿನ್ನ ಮಾವ ಮೆಲ್ಲಗೆ, "ವೇಗ ಸ್ವಲ್ಪ ತಗ್ಗಿಸಿದ್ರೆ ನಾಲ್ಕೂ ಇರ್ಬೋದೇನೋ ಬೀಗರೇ. ನಿಮ್ದು ತೆಗೆಯೋದು ಬೇಡ" ಅಂದರು. ಹಲ್ಲಿನವರಿಗೆ ಇದು ಹೇಗೆ ಗೊತ್ತು ಎಂದು ಅನ್ನಿಸಿತು. ನನ್ನದೊಂದು ಇರಲಿ ಎಂಬ ಆಸೆಗೆ ನಿನ್ನ ಕಂಪ್ಯೂಟರ್ ಕುಂಟುವುದು ಬೇಡ ಎಂದು ಎರಡನ್ನೂ ತೆಗೆದು ಜೇಬಿಗೆ ಹಾಕಿಕೊಂಡೆ. ನೀನು "ನೀನ್ ಬರ್ದೇ ಇದ್ದಿದ್ರೆ ಏನ್ ಮಾಡ್ತಿದ್ವೋ ಅಪ್ಪ" ಅಂದೆ. ಆ ಮಾತಿಗೆ ನಾನು ಹಿಗ್ಗಿದ್ದು ನಿನಗೂ ಕಂಡಿರಬೇಕು. ರಾತ್ರಿ ಊಟಕ್ಕೆ ಕೂತಾಗ ನಾನು ನಿನ್ನ ಗಂಡನಿಗೂ ಇಡೀ ಕಥೆ ಇನ್ನೊಮ್ಮೆ ಹೇಳಿದೆ, ಪಾಪ, ಅವನೂ ತಲೆದೂಗಿದ.

ಇನ್ನು ಮುಂದೆ ಅದು ಆರುವುದಿಲ್ಲ. ಪೆಟ್ಟಿಗೆಯ ಮುಂದಿನ ಜಾಲರಿಯ ಧೂಳನ್ನು ಆಗಾಗ ಒರೆಸು. ಗೋಡೆಗೆ ತೀರ ಒತ್ತಿ ಇಡಬೇಡ, ಹಿಂದೆ ಬಿಸಿಗಾಳಿ ಹೋಗಲು ಜಾಗ ಬೇಕು. ಕೆಲಸ ಮಾಡುವಾಗ ನಡುನಡುವೆ ಎದ್ದು ಓಡಾಡು, ನಿನ್ನ ಬೆನ್ನು ನನ್ನ ಬೆನ್ನಿನ ಹಾಗಾಗುವುದು ಬೇಡ. ನಿನ್ನ ಚಿತ್ರಗಳನ್ನು ನೋಡಿ ಎಲ್ಲೆಲ್ಲಿಯ ಮಕ್ಕಳೋ ನಗಲಿ, ನೀನು ನೂರು ಕಾಲ ತಣ್ಣಗಿರು. ಅಳಿಯನಿಗೂ ನಿನ್ನ ಮಾವನಿಗೂ ನನ್ನ ನೆನಪು ತಿಳಿಸು.

ಇಂತಿ,
ನಿನ್ನ ಅಪ್ಪ

ಬರೆಯಬಾರದು ಅಂದುಕೊಂಡಿದ್ದ ಮಾತು: ನಿನ್ನ ಮಾವ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದರಲ್ಲ, ಬಸ್ಸು ತಡವಾಯಿತು. ಅವರ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. "ಬೀಗರೇ, ಬೇಜಾರು ಮಾಡ್ಕೋಬಾರ್ದು. ರ‍್ಯಾಮಿನ ವಿಷ್ಯ ನಮಗೆ ಮೊದ್ಲೇ ಗೊತ್ತಿತ್ತು. ಅವಳೇ ಕಂಡುಹಿಡಿದು, ನಿಮ್ದು ತೆಗೆದಿಟ್ಟು ಆರಾಮಾಗಿ ಕೆಲ್ಸ ಮಾಡ್ತಿದ್ಲು. ನೀವು ಬರ್ತೀರಿ ಅಂದಾಗ ಮತ್ತೆ ಹಾಕಿದ್ಲು, ಅಪ್ಪ ಬಿಚ್ಚಿ ನೋಡ್ದಾಗ ತನ್ನದು ಇಲ್ದಿದ್ರೆ ನೊಂದ್ಕೋತಾನೆ ಅಂತ. ನೀವು ಅಷ್ಟು ಹುರುಪಿಂದ ಕೂತ್ಮೇಲೆ ನಮ್ಗೆ ಬಾಯೇ ಬರ್ಲಿಲ್ಲ" ಅಂದರು. ಅವರು ಒಳ್ಳೆಯವರು, ಅವರನ್ನು ಕೇಳಿ ಜಗಳ ತೆಗೆಯಬೇಡ.

ರ‍್ಯಾಮ್ ಹೊಂದಲಿಲ್ಲ ಎಂದು ನನಗೆ ದುಃಖವಿಲ್ಲ. ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ನೀನು ಅಂಗಡಿಯ ಮೇಜಿನ ಮೇಲೆ ಕೂತು, ಗಿರಾಕಿಗಳ ಎದುರಿಗೇ "ಅಪ್ಪ, ಮತ್ತೆ ಉಲ್ಟಾ ಹಾಕಿದ್ದೀಯ! ಕಣ್ಣು ಎಲ್ಲಿಟ್ಟಿದ್ದೀಯ?" ಎಂದು ಕಿರುಚುತ್ತಿದ್ದೆ. ಊರೆಲ್ಲ ನಗುತ್ತಿತ್ತು. ಈಗ ಎಲ್ಲ ಗೊತ್ತಿದ್ದೂ ಎರಡು ದಿನ ನನ್ನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತೆ, ಟೀ ಕೊಟ್ಟೆ, ಹೊಗಳಿ ಕಳಿಸಿದೆ. ಮನೆಗೆ ಬಂದ ನೆಂಟರಿಗೆ ಮಾಡುವ ಮರ್ಯಾದೆ ಅದು. ಬೈಸಿಕೊಳ್ಳುವ ಜಾಗದಲ್ಲಿ ನಿನ್ನ ಮಾವ ಕೂತಿದ್ದಾರೆ. ನಿನಗೆ ನಾನು ಯಾವಾಗ ಬೀಗನಾದೆ ಮಗಳೇ?

ಉತ್ತರ ಬರೆಯುವಾಗ ಕ್ಷೇಮ ಸಮಾಚಾರ ಏನೂ ಬೇಡ. ಮೊದಲ ಸಾಲಿನಿಂದಲೇ ಬೈ.