ಕಳಚಿಟ್ಟ ಬೆಲ್ಟ್

ಮಾರ್ಚ್ 11, ಮಂಗಳವಾರ

ಕಣ್ಣು ಮುಚ್ಚಿದರೆ ಸಾಕು, ಹೊಲಿಗೆ ಮಿಷನ್ನಿನ ಸೂಜಿಯ ಕೆಳಗೆ ಮಗಳು ಪುಟ್ಟಿಯ ಬೆರಳು ಕಾಣುತ್ತದೆ. ಸಂಜೆ ನಾನು ಕೋಣೆಗೆ ಬಂದಾಗ ದೊಡ್ಡ ಮಗ ಪೆಡಲ್ ಮೇಲೆ ನಿಂತು ಕುಣಿಯುತ್ತಿದ್ದ. ಕುರ್ಚಿ ಹತ್ತಿದ ಪುಟ್ಟಿಯ ಕೈ ಸೂಜಿಯ ಕೆಳಗೇ ಇತ್ತು. ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಆದರೆ ಸೂಜಿ ಅಲುಗಿರಲೇ ಇಲ್ಲ! ನೀರು ಕುಡಿಯಲು ಎದ್ದ ಅತ್ತೆ, ಪೆಡಲ್ ತುಳಿದರೂ ಸೂಜಿ ಓಡದಂತೆ, ಚಕ್ರದಿಂದ ಬೆಲ್ಟ್ ಕಳಚಿಟ್ಟು ಹೋಗಿದ್ದರು. ಎದ್ದಾಗೆಲ್ಲ ಹಾಗೇ ಮಾಡುತ್ತಾರೆ.

"ಪ್ರತಿ ಸಲ ಕಳಚಿ ಹಾಕೋಕೆ ಬೇಜಾರಾಗಲ್ವಾ, ಅತ್ತೆ?" ಎಂದೆ.

"ನಿನ್ನ ಗಂಡನೂ ಈ ಪೆಡಲ್ ಮೇಲೆ ಕುಣಿದೇ ದೊಡ್ಡೋನಾಗಿದ್ದು ಕಣೇ. ಬೇಕಿದ್ರೆ ಅವನ ಬೆರಳು ಎಣಿಸ್ಕೋ!"

ಎಷ್ಟು ವರ್ಷದ ಎಚ್ಚರ ಅದು! ಒಂದು ದಿನವೂ ಹೇಳಿಕೊಂಡವರಲ್ಲ. ನಾಳೆ ನನಗೂ ಹೊಲಿಗೆ ಕಲಿಸಿ ಎನ್ನಬೇಕು. ದಾರ ಪೋಣಿಸುವುದು ಆಮೇಲಿರಲಿ, ಮೊದಲು ಬೆಲ್ಟ್ ಕಳಚುವುದನ್ನೇ...