ಸೀತಾಫಲದ ಬೀಜ

ನಿಂಗೀ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬೇರೆ ಗಂಡನ ಮನೆ ಸೇರಿದವಳಿಗೆ ನಾನು ಬರೆದರೆ ಅಲ್ಲಿ ನಿನಗೇ ತೊಂದರೆ.

ನಾನೀಗ ಮೊಳಕಾಲ್ಮೂರಿನಲ್ಲಿ ರಸ್ತೆ ಕೆಲಸಕ್ಕಿದ್ದೇನೆ. ಮಳೆಗಾಲ ಮುಗಿದು ಬೆಳಗಿನ ಬಿಸಿಲು ಬೆನ್ನಿಗೆ ಹಿತವಾಗಿದೆ. ತಂಗಡಿ ಹೂ ಬಿಟ್ಟು ಗುಡ್ಡದ ಬುಡವೆಲ್ಲ ಹಳದಿಯಾಗಿದೆ. ಇಂಥದ್ದು ನನಗೆ ಇನ್ನೂ ಹಿಡಿಸುತ್ತದಲ್ಲ ಎಂದು ಒಮ್ಮೊಮ್ಮೆ ನಾಚಿಕೆಯಾಗುತ್ತದೆ.

ಇವತ್ತು ಮಧ್ಯಾಹ್ನ ಯರ್ರಮ್ಮ ಎಂಬ ಮುದುಕಿ ಗುಡ್ಡದ ಸೀತಾಫಲವನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಕೂಲಿಯವರೆಲ್ಲ ಜಲ್ಲಿ ರಾಶಿಯ ಮೇಲೆ ಕೂತು ತಿಂದೆವು. ಬಹಳ ಸಿಹಿಯಾಗಿತ್ತು. ಎಲ್ಲರೂ ಬೀಜವನ್ನು ಅಲ್ಲೇ ಉಗುಳಿ ಎದ್ದರು. ನೋಡಿಕೊಂಡರೆ, ನನ್ನ ಪಾಲಿನ ಬೀಜವೆಲ್ಲ ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ಗಂಟಾಗಿ ಕೂತಿದೆ. ನಮ್ಮ ಮಗಳು ಪಾತಿಯ ತಲೆಯ ಹೇನಿಗೆಂದು ನೀನು ಅರೆದು ಹಚ್ಚುತ್ತಿದ್ದೆಯಲ್ಲ, ಆ ರೂಢಿ. ಅವಳು ಪ್ಲೇಗಿನಲ್ಲಿ ಹೋಗಿ ಇದು ಎರಡನೆಯ ಸೀತಾಫಲದ ಕಾಲ.

ಮುದುಕಿ ಗಂಟು ನೋಡಿ, "ಮನ್ಯಾಗೆ ಹೆಣ್ಮಗು ಐತೇನಪ್ಪ?" ಎಂದಳು.

"ಐತಮ್ಮ," ಎಂದೆ. ಬಾಯಿಗೆ ಅದೇ ಬಂತು.

ಅವಳು ಬಗ್ಗಿ, ಬೇರೆಯವರು ಉಗುಳಿದ್ದನ್ನೂ ಆರಿಸಿ, ತನ್ನ ಸೆರಗಿನಲ್ಲಿ ಒರೆಸಿ ಕೊಟ್ಟಳು. "ಹಚ್ಚುವಾಗ ಕೂಸಿನ ಕಣ್ಣಿಗೆ ಬೀಳದಂಗೆ ನೋಡ್ಕೊಳಾಕೆ ಹೇಳು ಅವ್ರವ್ವಂಗೆ. ಕಣ್ಣೇ ಹೋಗ್ತಾವೆ. ಮರೀಬ್ಯಾಡ," ಎಂದಳು.

ಹೇಳುತ್ತೇನೆಂದು ಒಪ್ಪಿಕೊಂಡು ಬಂದೆ. ಅದಕ್ಕೇ ಕೂತು ಇಷ್ಟು ಬರೆದೆ.